ಇಂಗ್ಲಿಷ್ ಶಾಲೆಯೂ ತಾಡೋಲೆಯ ಕಟ್ಟೂ

ಇಂಗ್ಲಿಷ್ ವಿದ್ಯೆಯಿಂದ ನಮ್ಮ ಜನರು ತಮ್ಮತನವನ್ನು ಕಳೆದುಕೊಂಡರೆಂಬ ಮಾತು ಸಭೆ ಸಮಾರಂಭಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಪೂರ್ತಿ ಸುಳ್ಳೆಂದು ಯಾರೂ ಹೇಳಲಾರರು. ಆದರೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ, ಅಂದರೆ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ, ಇಂಗ್ಲಿಷ್ ಶಾಲೆಗಳು ಹೇಗೆ ಬಂದವು, ಅಲ್ಲಿ ಕಲಿತ ಮೊದಲ ಎರಡು ಮೂರು ತಲೆಮಾರಿನವರು ಏನು ಮಾಡಿದರು ಎಂಬುದನ್ನು ಕ್ರಮವಾಗಿ ನೋಡಿದವರಿಗೆ ಆ ಮಾತನ್ನು ಅಷ್ಟು ಸುಲಭವಾಗಿ ಆಡಲು ಬರುವುದಿಲ್ಲ. ವಚನ ವಾಙ್ಮಯವು ತಾಡೋಲೆಯ ಕಟ್ಟುಗಳಿಂದ ಬಿಡುಗಡೆ ಹೊಂದಿ ಸಾಮಾನ್ಯ ಓದುಗನ ಕೈಗೆ ಬಂದದ್ದು ಬಹುಮಟ್ಟಿಗೆ ಈ ಶಾಲೆಗಳಲ್ಲಿ ಅನ್ಯದೇಶಗಳ ಇತಿಹಾಸವನ್ನೂ ಧರ್ಮವನ್ನೂ ಓದಿದವರ ಕೈಯಿಂದಲೇ. ಆ ಓದಿನಿಂದ ವಚನಗಳಿಗೆ ಆದ ಲಾಭವೆಷ್ಟು, ಅದಕ್ಕೆ ತೆತ್ತ ಬೆಲೆಯೆಷ್ಟು ಎಂಬುದು ವಿಚಾರಾರ್ಹವಾದ ವಿಷಯ.

1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದು ಈ ಭಾಗವು ಇಂಗ್ಲಿಷರ ಕೈಸೇರಿತು. ಆದರೆ ಕಚೇರಿಯ ಭಾಷೆಯಾಗಿ ಮರಾಠಿ ಹಾಗೆಯೇ ಉಳಿಯಿತು. ಸರಕಾರದವರು ತೆರೆದ ಮೊದಲ ಶಾಲೆಗಳಲ್ಲಿಯೂ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡವನ್ನಾಡುವ ಹುಡುಗನು ಶಾಲೆಯಲ್ಲಿ ಮೋಡಿ ಅಕ್ಷರವನ್ನು ತಿದ್ದಬೇಕಾಗಿತ್ತು. ಧಾರವಾಡದಲ್ಲಿ 1848ರಲ್ಲಿ ಇಂಗ್ಲಿಷ್ ಶಾಲೆ ಆರಂಭವಾದ ಮೇಲೂ ಅನೇಕ ವರ್ಷಗಳವರೆಗೆ ಇಂಗ್ಲಿಷಿನ ದಾರಿಯು ಮರಾಠಿಯ ಮೂಲಕವೇ ಹಾದುಹೋಗುತ್ತಿತ್ತು. ಇಂಗ್ಲಿಷ್ ಶಬ್ದಕ್ಕೆ ಅರ್ಥವನ್ನು ಮರಾಠಿಯಲ್ಲಿ ಹೇಳುವುದು, ಆ ಮರಾಠಿ ಶಬ್ದವು ತಿಳಿಯದ ಹುಡುಗರು ಎರಡನ್ನೂ ಒಟ್ಟಿಗೆ ಉರುಹಚ್ಚುವುದು, ಇದು ಆ ಕಾಲದ ಪಾಠದ ಕ್ರಮ. ತರ್ಖಡಕರರ ಭಾಷಾಂತರ ಪಾಠಮಾಲೆಯ ಹೆಸರನ್ನು ಉತ್ತರ ಕರ್ನಾಟಕದ ಹಳೆಯ ತಲೆಮಾರಿನವರು ಬಹುಕಾಲ ಮರೆಯಲಿಲ್ಲ. ಎರಡು ಪರಭಾಷೆಗಳ ನಡುವೆ ಸಿಕ್ಕಿದ ಮಗುವಿಗೆ ತಾಯ್ನುಡಿಯೆಂಬುದು ಶಾಲೆಯ ಹೊಸ್ತಿಲ ಹೊರಗೆ ಕಳಚಿಡಬೇಕಾದ ಪಾದರಕ್ಷೆಯಂತಾಗಿತ್ತು.

ಈ ಸ್ಥಿತಿಯನ್ನು ಕಂಡು ಮರುಗಿದವರಲ್ಲಿ ಮೊದಲು ಎಣಿಸಬೇಕಾದವರು ಡೆಪ್ಯುಟಿ ಚನ್ನಬಸಪ್ಪನವರು (1833–1881). ಧಾರವಾಡದಲ್ಲಿ ಹುಟ್ಟಿದ ಇವರು ಪುಣೆಗೆ ಹೋಗಿ ಇಂಗ್ಲಿಷ್ ವಿದ್ಯೆಯನ್ನು ಸಂಪಾದಿಸಿದರು. ಹೆಚ್ಚು ವರಮಾನದ ಬೇರೆ ಉದ್ಯೋಗಗಳು ಒದಗಬಹುದಾಗಿದ್ದರೂ ವಿದ್ಯಾಖಾತೆಯನ್ನೇ ಆರಿಸಿಕೊಂಡು, ಶಿಕ್ಷಕರನ್ನು ತಯಾರುಮಾಡುವ ಶಾಲೆಯ ಹೊಣೆಯನ್ನು ಹೊತ್ತು, ಮುಂದೆ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಕನ್ನಡದಲ್ಲಿ ಪಠ್ಯಪುಸ್ತಕಗಳಿಲ್ಲವೆಂಬ ನೆವವನ್ನು ಮೇಲಧಿಕಾರಿಗಳು ಹೇಳುವಂತಿರಬಾರದೆಂದು ತಾವೂ ಬರೆದರು, ಇತರರಿಂದಲೂ ಬರೆಯಿಸಿದರು. ಇವರೇ 1871ರಲ್ಲಿ ಷೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ನಾಟಕವನ್ನು ಕನ್ನಡಕ್ಕೆ ತಂದರು. ಇಂಗ್ಲಿಷನ್ನು ಚೆನ್ನಾಗಿ ಬಲ್ಲವರೇ ಕನ್ನಡ ಶಾಲೆಗಾಗಿ ಹೋರಾಡಿದರೆಂಬುದನ್ನು ಇಲ್ಲಿ ಗಮನಿಸಬೇಕು. ಇಂಗ್ಲಿಷನ್ನು ಅರಿಯದವರ ಮಾತಿಗೆ ಸರಕಾರವು ಕಿವಿಗೊಡುವ ಸಂಭವವೂ ಇರಲಿಲ್ಲ ಎನ್ನಿ.

ಆ ಶಾಲೆ, ಆ ಕಾಲೇಜುಗಳಲ್ಲಿ ಹುಡುಗರು ಓದುತ್ತಿದ್ದುದು ಏನು? 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಓದುವವನಿಗೆ ಇಂಗ್ಲೆಂಡಿನ ಇತಿಹಾಸವು ಬಾಯಿಪಾಠವಾಗಿರಬೇಕಿತ್ತು. ಗ್ರೀಸು, ರೋಮುಗಳ ಕಥೆ, ಸಾಕ್ರೆಟೀಸನು ವಿಷವನ್ನು ಕುಡಿದ ಪ್ರಸಂಗ, 1517ರಲ್ಲಿ ಜರ್ಮನಿಯ ಲೂಥರನು ಪೋಪನ ಅಧಿಕಾರಕ್ಕೆ ಎದುರು ನಿಂತದ್ದು, ಫ್ರಾನ್ಸಿನ ರಾಜ್ಯಕ್ರಾಂತಿ ಇವೆಲ್ಲ ಅವನ ಕಣ್ಣ ಮುಂದೆ ಸುಳಿದವು. ಬೆಳಗಿನಲ್ಲಿ ಹಣೆಗೆ ವಿಭೂತಿಯನ್ನು ಧರಿಸಿ, ಇಷ್ಟಲಿಂಗಪೂಜೆಯನ್ನು ಮುಗಿಸಿ, ಅಜ್ಜಿಯ ಬಾಯಿಂದ ಬಸವಪುರಾಣದ ಕಥೆಯನ್ನು ಕೇಳಿ ಬಂದ ಹುಡುಗನೇ ಹನ್ನೊಂದು ಗಂಟೆಗೆ ಲೂಥರನ ಪಾಠವನ್ನು ಕೇಳುತ್ತಿದ್ದನು. ದೇವರಿಗೂ ಭಕ್ತನಿಗೂ ನಡುವೆ ದಲ್ಲಾಳಿ ಬೇಡವೆಂದವನೊಬ್ಬನು ದೂರದ ದೇಶದಲ್ಲಿ ಹುಟ್ಟಿ ಜಗದ್ವಿಖ್ಯಾತನಾದನೆಂದು ಕೇಳಿದ ಹುಡುಗನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರಲು ಸಾಧ್ಯವಿರಲಿಲ್ಲ: ಇಂಥವರು ನಮ್ಮಲ್ಲಿ ಯಾರೂ ಆಗಿಹೋಗಲಿಲ್ಲವೆ?

ಈ ಪ್ರಶ್ನೆಗೆ ಉತ್ತರವು ಅವನ ಮನೆಯ ಜಗುಲಿಯ ಮೇಲೆಯೇ ಇತ್ತು. ಆದರೆ ಅದನ್ನು ಬಿಚ್ಚಿ ಓದುವ ರೂಢಿ ಇರಲಿಲ್ಲ. ಅನೇಕ ಮಠಗಳಲ್ಲಿ, ಶ್ರದ್ಧಾವಂತರ ಮನೆಗಳಲ್ಲಿ ವಚನದ ಕಟ್ಟುಗಳು ಬಟ್ಟೆಯಲ್ಲಿ ಸುತ್ತಲ್ಪಟ್ಟು ಪೂಜೆಗೊಳ್ಳುತ್ತಿದ್ದವು. ಪೂಜೆಯು ಅವುಗಳನ್ನು ಕಾಪಾಡಿತು ಎಂಬುದು ನಿಜ. ಅಷ್ಟಾದರೂ ಆಗದಿದ್ದರೆ ಎಷ್ಟೋ ಕಟ್ಟುಗಳು ಒಲೆಯ ಪಾಲಾಗುತ್ತಿದ್ದವು. ಗೆದ್ದಲು ತಿಂದವೂ ಹೊಳೆಗೆ ಬಿಟ್ಟವೂ ಎಷ್ಟೆಂಬುದನ್ನು ಬಲ್ಲವರಾರು?

ಇನ್ನೊಂದು ವಿಚಿತ್ರವೂ ಆ ಕಾಲದಲ್ಲಿ ನಡೆಯಿತು. ವೀರಶೈವರು ತಮ್ಮ ಗ್ರಂಥಗಳನ್ನು ಅಚ್ಚಿನಲ್ಲಿ ಕಾಣುವುದಕ್ಕೆ ಎಷ್ಟೋ ಮೊದಲೇ ಪರದೇಶದವರು ವೀರಶೈವರ ವಿಷಯವಾಗಿ ಓದತೊಡಗಿದ್ದರು. ತೆಲುಗಿಗಾಗಿ ದುಡಿದ ಸಿ. ಪಿ. ಬ್ರೌನ್ ಸಾಹೇಬರು ಜಂಗಮರ ಮತ, ಆಚಾರ, ಸಾಹಿತ್ಯಗಳ ಮೇಲೆ 1840ರಲ್ಲಿಯೇ ಇಂಗ್ಲಿಷಿನಲ್ಲಿ ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ಬಾಸೆಲ್ ಮಿಶನ್ನಿನ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನ ಮೂಲಕ ಹೊರತಂದ ಪ್ರಾಚೀನ ಗ್ರಂಥಮಾಲೆಯಲ್ಲಿ ಬಸವಪುರಾಣ, ಚನ್ನಬಸವಪುರಾಣಗಳೂ ಸೇರಿದ್ದವು. ಅದೇ ಮಿಶನ್ನಿನ ವೂರ್ತ್ ಎಂಬವರು ಈ ಪುರಾಣಗಳ ಸಾರವನ್ನು 1860ರ ದಶಕದಲ್ಲಿ ಮುಂಬಯಿಯ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇಂಗ್ಲಿಷಿಗೆ ಇಳಿಸಿದರು. ಮತಪ್ರಚಾರವು ಮಿಶನ್ನಿನವರ ಉದ್ದೇಶವಾಗಿದ್ದರೂ ಅವರ ಶ್ರಮವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಇವರೆಲ್ಲರೂ ಕಂಡದ್ದು ಪುರಾಣಗಳನ್ನು, ವಚನಗಳನ್ನಲ್ಲ. ಪವಾಡಗಳ ಕಥೆಯನ್ನು ಓದಿದ ಯುರೋಪಿನ ಪಂಡಿತನು ಇದರಲ್ಲಿ ಇತಿಹಾಸವೆಷ್ಟು ಎಂದು ಕೇಳಿದರೆ ಆಶ್ಚರ್ಯಪಡುವಂತಿಲ್ಲ.

ಹಾಗೆಯೇ ಆಯಿತು. ಕನ್ನಡ ನಾಡಿನ ರಾಜಮನೆತನಗಳ ಚರಿತ್ರೆಗೆ ಅಡಿಗಲ್ಲಿಟ್ಟ ಜೆ. ಎಫ್. ಫ್ಲೀಟ್ ಸಾಹೇಬರು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸುವಾಗ, ವೀರಶೈವದ ಏಳಿಗೆಗೆ ಮುಖ್ಯ ಕಾರಣನು ಏಕಾಂತದ ರಾಮಯ್ಯನೇ ಇರಬೇಕೆಂದೂ ಬಸವಣ್ಣನವರ ಪುರಾಣಕಥನಗಳನ್ನು ಇತಿಹಾಸವೆಂದು ನಂಬಲಾಗದೆಂದೂ ವಾದಿಸಿದರು. ಫ್ಲೀಟರು ದ್ವೇಷದಿಂದ ಹೀಗೆ ಬರೆದವರಲ್ಲ. ಅವರ ಕೈಯಲ್ಲಿದ್ದ ಆಧಾರಗಳೇ ಅಷ್ಟು. ಬಸವಣ್ಣನವರ ವಂಶವನ್ನು ಹೇಳುವ, 1260ನೆಯ ಇಸವಿಯ ಅರ್ಜುನವಾಡದ ಶಾಸನವು ಆಗಿನ್ನೂ ವಿದ್ವಾಂಸರ ಬೆಳಕಿಗೆ ಬಂದಿರಲಿಲ್ಲ. ಆದರೆ ಇಂಗ್ಲಿಷ್ ಬಲ್ಲ ವೀರಶೈವ ತರುಣನಿಗೆ ಆ ಬರಹವು ಎದೆಗೆ ನಾಟಿದಂತಾಗಿರಬೇಕು. ತನ್ನ ಮನೆಯ ಹಿರಿಯನು ಇದ್ದನೋ ಇಲ್ಲವೋ, ಇದ್ದರೆ ಅವನು ಎಷ್ಟರವನು ಎಂಬುದನ್ನು ಪರರು ಪರಭಾಷೆಯಲ್ಲಿ ತೀರ್ಮಾನಿಸುತ್ತಿರುವಾಗ ಸುಮ್ಮನಿರುವುದು ಹೇಗೆ? ಅಂಥ ವಾದಕ್ಕೆ ಭಕ್ತಿಯೊಂದೇ ಉತ್ತರವಾಗಲಾರದು. ಆಧಾರ ಬೇಕು, ಮೂಲಗ್ರಂಥ ಬೇಕು, ಪಾಠಾಂತರಗಳ ಪರಿಶೀಲನೆ ಬೇಕು. ಈ ಆಯುಧಗಳನ್ನು ಹಿಡಿಯಲು ಕಲಿಸಿದ್ದೂ ಅದೇ ಶಾಲೆಯೇ.

ಇದಕ್ಕೆ ಸಮಾಜವು ಮೊದಲೇ ಸಿದ್ಧವಾಗತೊಡಗಿತ್ತು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಮಕ್ಕಳಿಲ್ಲದ ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟು ಲಿಂಗೈಕ್ಯರಾದರು. 1916ರ ನವೆಂಬರಿನಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಗೆ ಬೀಜ ಬಿತ್ತಿದರು. ಅಲ್ಪ ಸಂಬಳಕ್ಕೆ ತಮ್ಮನ್ನೇ ಒತ್ತೆಯಿಟ್ಟುಕೊಂಡ ಈ ಸಪ್ತರ್ಷಿಗಳಲ್ಲಿ ಶಿ. ಶಿ. ಬಸವನಾಳರೂ ಎಂ. ಆರ್. ಸಾಖರೆಯವರೂ ಇದ್ದರೆಂಬುದನ್ನು ವಚನ ಸಾಹಿತ್ಯದ ವಿದ್ಯಾರ್ಥಿಗಳು ನೆನೆಯಬೇಕು. ಅವರು ತೆರೆದ ಮೊದಲ ಶಾಲೆಯೂ ಇಂಗ್ಲಿಷ್ ಕಲಿಸುವ ಶಾಲೆಯೇ. ಧಾರವಾಡದ ಮುರುಘಾಮಠದಂಥ ಮಠಗಳು ಪ್ರಸಾದನಿಲಯಗಳನ್ನು ತೆರೆದು, ಹಳ್ಳಿಯಿಂದ ರೊಟ್ಟಿಯ ಗಂಟನ್ನು ಕಟ್ಟಿಕೊಂಡು ಬಂದ ಬಡ ಹುಡುಗರಿಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟವು. ದಾಸೋಹದ ಅನ್ನವನ್ನುಂಡು ಮಿಲ್ಟನ್ನನನ್ನು ಓದಿದವರ ಸಂಖ್ಯೆ ಉತ್ತರ ಕರ್ನಾಟಕದಲ್ಲಿ ಸಣ್ಣದಲ್ಲ. ಇಂಗ್ಲಿಷ್ ಮ್ಲೇಚ್ಛಭಾಷೆಯೆಂದು ಮಠಗಳು ಆ ಹುಡುಗರಿಗೆ ಬಾಗಿಲು ಹಾಕಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು.

ಈ ಎಲ್ಲ ಪ್ರವಾಹಗಳು ಒಂದೆಡೆ ಕೂಡಿದ್ದು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಬಾಳಿನಲ್ಲಿ. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರಿಗೆ ತಂದೆಯೇ ಶಿಕ್ಷಕರು, ಕನ್ನಡದ ಲೇಖಕರು. ಊರಿನಲ್ಲಿ ಮೆಟ್ರಿಕ್ ಮುಗಿಸಿ, ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಕಲಿತು, 1904ರಲ್ಲಿ ಕಾಯದೆಯ ಪದವಿಯನ್ನು ಪಡೆದರು. ಮುಂಬಯಿಯಲ್ಲಿ ಅವರು ಪಡೆದದ್ದು ಇಂಗ್ಲಿಷ್ ವಿದ್ಯೆಯೊಂದನ್ನೇ ಅಲ್ಲ. ಗುಜರಾತಿಗಳೂ ಮರಾಠಿಗರೂ ಅದೇ ಇಂಗ್ಲಿಷನ್ನು ಕಲಿತು ತಮ್ಮ ತಮ್ಮ ಭಾಷೆಗಳನ್ನು ಹೇಗೆ ಬೆಳೆಯಿಸುತ್ತಿದ್ದಾರೆಂಬುದನ್ನು ಕಣ್ಣಾರೆ ಕಂಡರು. ಅನ್ಯರ ಪುಸ್ತಕವನ್ನು ಓದುವುದು ಒಂದು ಪಾಠ. ಅನ್ಯರು ತಮ್ಮ ಪುಸ್ತಕವನ್ನು ಹೇಗೆ ಗೌರವಿಸುತ್ತಾರೆಂಬುದನ್ನು ನೋಡುವುದು ಇನ್ನೊಂದು ಪಾಠ. ಹಳಕಟ್ಟಿಯವರಿಗೆ ಎರಡನೆಯದೇ ಹೆಚ್ಚು ನಾಟಿದಂತೆ ತೋರುತ್ತದೆ.

ವಿಜಾಪುರಕ್ಕೆ ಬಂದು ವಕೀಲಿಯನ್ನು ಹಿಡಿದ ಅವರಿಗೆ ಹಣವೂ ಹೆಸರೂ ಬರತೊಡಗಿದವು. ಆದರೆ ರಬಕವಿಯ ಭಕ್ತರೊಬ್ಬರ ಮನೆಯಲ್ಲಿ ಕಂಡ ತಾಡೋಲೆಯ ಕಟ್ಟುಗಳು ಅವರನ್ನು ಬಿಡಲಿಲ್ಲ. ಪ್ರಭುದೇವರ ವಚನಗಳನ್ನು ಓದಿದ ಆ ವಕೀಲರಿಗೆ, ಶಾಲೆಯಲ್ಲಿ ಓದಿದ ಯಾವ ತತ್ತ್ವಜ್ಞಾನಿಗೂ ತಲೆಬಾಗದ ಮಾತು ಇಲ್ಲಿದೆ ಎನ್ನಿಸಿತು. ಅಲ್ಲಿಂದ ಮುಂದೆ ಮಠ ಮಠ, ಮನೆ ಮನೆ ತಿರುಗುವುದೇ ಅವರ ಕಾಯಕವಾಯಿತು. ಕೆಲವರು ಕಟ್ಟನ್ನು ಕೊಟ್ಟರು, ಕೆಲವರು ಮುಟ್ಟಗೊಡಲಿಲ್ಲ, ಕೆಲವರು ತಮ್ಮೆದುರಿನಲ್ಲಿಯೇ ಕುಳಿತು ನಕಲು ಮಾಡಿಕೊಳ್ಳಲು ಒಪ್ಪಿದರು. ಹೀಗೆ ಕೂಡಿಸಿದ ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದರೆಂದೂ ಅಲ್ಲಿ ಅಚ್ಚಾಗದೆ ಅದು ಮರಳಿ ಬಂದಿತೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಮರಳಿಸಿದ ಕಾರಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ವಿವರಿಸುವುದುಂಟು; ಆ ಚರ್ಚೆ ಇಲ್ಲಿ ಅವಶ್ಯವಿಲ್ಲ. ಕೊನೆಗೆ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿದರೆ ಕೆಲಸ ಸಾಗದೆಂದು ತಿಳಿದು, ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿ ಮೂರು ದಶಕಗಳಿಗೂ ಮಿಕ್ಕಿ ನಡೆಯಿಸಿದರು. ಇನ್ನೂರಕ್ಕೂ ಹೆಚ್ಚು ವಚನಕಾರರ ಹೆಸರುಗಳು ಅವರಿಂದ ಬೆಳಕಿಗೆ ಬಂದವು. ಬಾಡಿಗೆಯ ಮನೆ, ಮಾಸಿದ ಕೋಟು, ಒಂದು ಸೈಕಲ್ಲು: ಒಂದು ಕಾಲದ ಹೆಸರಾಂತ ವಕೀಲರ ಆಸ್ತಿ ಕೊನೆಗೆ ಇಷ್ಟೇ ಉಳಿಯಿತೆಂದು ಕಂಡವರು ಹೇಳುತ್ತಿದ್ದರು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಹಳಕಟ್ಟಿಯವರು ವಚನಗಳನ್ನು 'ಶಾಸ್ತ್ರ'ವೆಂದು ಕರೆದುದರಲ್ಲಿ ಒಂದು ವಿಶೇಷವಿದೆ. ಒಬ್ಬೊಬ್ಬ ಶರಣರ ವಚನಗಳನ್ನು ಬೇರೆಬೇರೆಯಾಗಿ ಅಚ್ಚು ಹಾಕಿಸಿ ಸುಮ್ಮನಾಗದೆ, ವಿಷಯವಾರಾಗಿ ವಿಂಗಡಿಸಿ, ಹಲವು ಶರಣರ ಮಾತುಗಳನ್ನು ಒಂದು ತತ್ತ್ವದ ಅಡಿಯಲ್ಲಿ ಕೂಡಿಸಿದರು. ಷಟ್‌ಸ್ಥಲದ ಕ್ರಮದಲ್ಲಿ ವಚನಗಳನ್ನು ಜೋಡಿಸುವ ಪರಂಪರೆ 15ನೆಯ ಶತಮಾನದ ಸಂಕಲನಕಾರರಿಂದಲೇ ಬಂದದ್ದು; ಅದು ಅವರಿಗೆ ತಿಳಿದಿತ್ತು. ಅದರ ಜೊತೆಗೆ ಮುಂಬಯಿಯ ಕಾಲೇಜಿನಲ್ಲಿ ಕಲಿತ ವರ್ಗೀಕರಣದ ಶಿಸ್ತೂ ಸೇರಿತು. ಈ ಎರಡೂ ಶಿಸ್ತುಗಳು ಒಬ್ಬರಲ್ಲಿಯೇ ಕೂಡಿದ್ದು ಕನ್ನಡದ ಪುಣ್ಯ. ಬರಿಯ ಸಂಪ್ರದಾಯಸ್ಥನು ಕಟ್ಟನ್ನು ಪೂಜಿಸಿ ಮುಗಿಸುತ್ತಿದ್ದನು. ಬರಿಯ ಪದವೀಧರನು ಅದರ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ.

ಇನ್ನು ಬೆಲೆಯ ಮಾತು. ಅನ್ಯರ ಚರಿತ್ರೆಯನ್ನು ಓದಿದವನಿಗೆ ಹೋಲಿಕೆಯ ಚಾಪಲ್ಯ ಬಿಡುವುದಿಲ್ಲ. ಬಸವಣ್ಣನವರು ಕರ್ನಾಟಕದ ಲೂಥರರು, ಅನುಭವಮಂಟಪವು ಪಾರ್ಲಿಮೆಂಟು, ಕಲ್ಯಾಣದ ಘಟನೆಗಳು ಕ್ರಾಂತಿ ಎಂಬ ಮಾತುಗಳು ಕಳೆದ ಶತಮಾನದ ಭಾಷಣಗಳಲ್ಲಿ ತುಂಬಿಹೋದವು. ಆ ಕಾಲದ ಅಗತ್ಯವನ್ನು ಗಮನಿಸಿದರೆ ಇದನ್ನು ತಪ್ಪೆನ್ನಲಾಗದು. ಆಳುವವರ ಮುಂದೆ ತಮ್ಮವರ ಘನತೆಯನ್ನು ಹೇಳಬೇಕಾದರೆ ಆಳುವವರಿಗೆ ತಿಳಿದ ಹೆಸರನ್ನೇ ಹೇಳಬೇಕಾಗಿತ್ತು. ಆದರೆ 12ನೆಯ ಶತಮಾನದವರನ್ನು 16ನೆಯ ಶತಮಾನದವನ ಹೆಸರಿನಿಂದ ಗುರುತಿಸುವುದೆಂದರೆ ಅಜ್ಜನನ್ನು ಮೊಮ್ಮಗನ ಹೆಸರು ಹೇಳಿ ಕರೆದಂತೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಹೋಲಿಕೆಯ ಚೌಕಟ್ಟಿಗೆ ಹಿಡಿಯದ ಅಂಶಗಳು ಕಣ್ಮರೆಯಾದವು. ಕಾಯಕ, ದಾಸೋಹ, ಜಂಗಮ, ಪ್ರಸಾದ ಇವುಗಳಿಗೆ ಲೂಥರನ ಪಕ್ಕದಲ್ಲಿ ಸ್ಥಾನವೆಲ್ಲಿ? ಅಂಗೈಯ ಲಿಂಗವನ್ನು ಯಾವ ಯುರೋಪಿನ ಇತಿಹಾಸದಲ್ಲಿ ಹುಡುಕುವುದು? ಮಡಿವಾಳ, ಅಂಬಿಗ, ಮಾದಾರರು ಅನುಭಾವದ ಗೋಷ್ಠಿಯಲ್ಲಿ ಸಮನಾಗಿ ಕುಳಿತದ್ದಕ್ಕೆ ಪಾರ್ಲಿಮೆಂಟೆಂಬುದು ದೊಡ್ಡ ಹೆಸರಲ್ಲ, ಸಣ್ಣ ಹೆಸರು. ಅಲ್ಲಿ ಮತ ಎಣಿಸುತ್ತಿರಲಿಲ್ಲ.

ಪರಭಾಷೆ ಪರದೇಶಗಳ ಸಂಬಂಧವು ಶರಣರಿಗೇನೂ ಹೊಸದಲ್ಲವೆಂಬುದನ್ನು ಈ ಹೋಲಿಕೆಗಾರರು ಅಷ್ಟಾಗಿ ಗಮನಿಸಲಿಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಆದಯ್ಯನವರು ಸೌರಾಷ್ಟ್ರದಿಂದ, ಮರುಳಶಂಕರದೇವರು ಇನ್ನೂ ದೂರದ ಗಡಿನಾಡಿನಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಬಂದವರು ಕನ್ನಡವನ್ನು ಕಲಿತರು. ಮಾರಯ್ಯನವರೂ ಆದಯ್ಯನವರೂ ಕನ್ನಡದಲ್ಲಿ ವಚನಗಳನ್ನು ರಚಿಸಿದರು. ವಚನಕಾರರು ತಮ್ಮ ಮಾತಿನ ನಡುವೆ ಸಂಸ್ಕೃತದ ಉಕ್ತಿಗಳನ್ನು ಸಾಕ್ಷಿಯಾಗಿ ತಂದುದೂ ಉಂಟು, ಅವನ್ನು ಪ್ರಶ್ನಿಸಿದುದೂ ಉಂಟು. ಅನ್ಯಭಾಷೆಯು ಅವರಿಗೆ ಒಡೆಯನೂ ಆಗಲಿಲ್ಲ, ವೈರಿಯೂ ಆಗಲಿಲ್ಲ. ಹಳಕಟ್ಟಿಯವರ ತಲೆಮಾರಿನವರು ಇಂಗ್ಲಿಷನ್ನು ಬಳಸಿಕೊಂಡ ರೀತಿಗೆ ಮಾದರಿಯನ್ನು ಹುಡುಕುವುದಾದರೆ ಜರ್ಮನಿಗೆ ಹೋಗಬೇಕಾಗಿಲ್ಲ, ಕಲ್ಯಾಣಕ್ಕೆ ಹೋದರೆ ಸಾಕು.

ಈ ಅರಿವು ಮುಂದಿನವರಲ್ಲಿ ಮೆಲ್ಲಗೆ ಮೂಡಿತು. ಲಂಡನ್ನಿಗೆ ಹೋಗಿ ಡಾಕ್ಟರೇಟ್ ಪಡೆದು ಬಂದ ಶಿ. ಚೆ. ನಂದೀಮಠರು 1942ರಲ್ಲಿ ವೀರಶೈವವನ್ನು ಕುರಿತ ಇಂಗ್ಲಿಷ್ ಕೈಪಿಡಿಯನ್ನು ಪ್ರಕಟಿಸಿದಾಗ ಷಟ್‌ಸ್ಥಲವನ್ನು ಷಟ್‌ಸ್ಥಲವೆಂದೇ ವಿವರಿಸಿದರು. ಸಾಖರೆಯವರ ಇಂಗ್ಲಿಷ್ ಗ್ರಂಥವೂ ಅದೇ ವರ್ಷದ್ದು. ಅದಕ್ಕೆ ಎರಡು ವರ್ಷ ಮೊದಲು, 1940ರಲ್ಲಿ, ಬಸವನಾಳರೂ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೂ ಸೇರಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿನಲ್ಲಿ ಹೊರತಂದಿದ್ದರು. ಅಯ್ಯಂಗಾರರು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಸಿರಸಂಗಿಯ ದೇಸಾಯಿಯವರ ಹೆಸರಿನಲ್ಲಿ 1933ರಲ್ಲಿ ಆರಂಭವಾದ ಕಾಲೇಜದು. ಕರ್ನಾಟಕ ವಿಶ್ವವಿದ್ಯಾಲಯವು 'ಶೂನ್ಯಸಂಪಾದನೆ'ಯನ್ನು ಇಂಗ್ಲಿಷ್ ಅನುವಾದದೊಡನೆ ಐದು ಸಂಪುಟಗಳಲ್ಲಿ 1965ರಿಂದ ಮುಂದೆ ಹೊರತಂದಾಗ ನಂದೀಮಠರೂ ಆ ಕಾರ್ಯದಲ್ಲಿದ್ದರು, ಗೋವೆಯ ಮೂಲದ ಇಂಗ್ಲಿಷ್ ಕವಿ ಆರ್ಮಾಂಡೋ ಮೆನೆಜಿಸರೂ ಇದ್ದರು. ಕ್ರೈಸ್ತರಾದ ಮೆನೆಜಿಸರು ಅಲ್ಲಮಪ್ರಭುವಿನ ಬೆಡಗಿಗೆ ಇಂಗ್ಲಿಷ್ ಮಾತನ್ನು ಹುಡುಕುತ್ತ ಕುಳಿತ ಚಿತ್ರವನ್ನು ಕಲ್ಪಿಸಿಕೊಂಡರೆ, ನೂರು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಬಸವಪುರಾಣದ ಅಚ್ಚನ್ನು ತಿದ್ದುತ್ತಿದ್ದ ಮೋಗ್ಲಿಂಗರ ಚಿತ್ರವೂ ಮನಸ್ಸಿಗೆ ಬರುತ್ತದೆ. ಒಬ್ಬರು ಜಯಿಸಲು ಓದಿದರು, ಇನ್ನೊಬ್ಬರು ತಿಳಿಯಲು ಓದಿದರು.

ಅದೇ ಲಿಂಗರಾಜ ಕಾಲೇಜಿನಲ್ಲಿ 1950ರ ದಶಕದಲ್ಲಿ ಮೈಸೂರಿನ ತರುಣ ಅಧ್ಯಾಪಕರೊಬ್ಬರು ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಶ್ರೀವೈಷ್ಣವ ಮನೆತನದಲ್ಲಿ ಹುಟ್ಟಿದ ಅವರು ಎ. ಕೆ. ರಾಮಾನುಜನ್. ಮುಂದೆ ಅಮೆರಿಕೆಗೆ ಹೋಗಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆನಿಂತ ಅವರು ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭು ಈ ನಾಲ್ವರ ವಚನಗಳನ್ನು ಆರಿಸಿ ಇಂಗ್ಲಿಷಿಗೆ ತಂದ ಪುಸ್ತಕವು 1973ರಲ್ಲಿ ಪೆಂಗ್ವಿನ್ ಮಾಲೆಯಲ್ಲಿ ಪ್ರಕಟವಾಯಿತು. ಕೂಡಲಸಂಗಮದೇವ ಎಂಬ ಅಂಕಿತವನ್ನು ಅವರು ನದಿಗಳು ಕೂಡುವೆಡೆಯ ಒಡೆಯನೆಂದು ಅರ್ಥಮಾಡಿ ಅನುವಾದಿಸಿದ್ದನ್ನು ಸಂಪ್ರದಾಯಸ್ಥರು ಕೆಲವರು ಒಪ್ಪಲಿಲ್ಲ. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಅಂಕಿತವೆಂಬುದು ವರ್ಣನೆಯಲ್ಲ, ಕೂಗಿ ಕರೆಯುವ ಹೆಸರು. ಹಾಗಿದ್ದರೂ ಆ ಪುಸ್ತಕದಿಂದಾಗಿ ದೂರದ ದೇಶಗಳ ವಿದ್ಯಾರ್ಥಿಗಳು ತಮ್ಮ ತರಗತಿಗಳಲ್ಲಿ ಕುಳಿತು ಅಕ್ಕನನ್ನೂ ಅಲ್ಲಮನನ್ನೂ ಓದಿದರು. ಅವರಿಗೆ ಅದು ಇನ್ನೊಂದು ನಾಡಿನ ಸಂಸ್ಕೃತಿಯ ಪಾಠ. ಒಂದು ಕಾಲಕ್ಕೆ ಧಾರವಾಡದ ಹುಡುಗನಿಗೆ ಲೂಥರನು ಇದ್ದಂತೆ ಅವರಿಗೆ ಬಸವಣ್ಣ.

ಇಲ್ಲಿ ಒಂದು ಸಂಗತಿಯನ್ನು ಸೇರಿಸಬೇಕು. ವಚನಗಳನ್ನು ಇಂಗ್ಲಿಷಿನಲ್ಲಿ ಓದಿಸುವ ಕೆಲಸಕ್ಕೆ ಮೊದಲು ಕೈಹಚ್ಚಿದವರಲ್ಲಿಯೂ ಹಳಕಟ್ಟಿಯವರೇ ಮುಂದಿನವರು. ಬಸವಣ್ಣನವರ ವಚನಗಳ ಅವರ ಅನುವಾದವು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ 1922ರಲ್ಲಿ ಬಂದಿತು. 'ವಚನಶಾಸ್ತ್ರಸಾರ'ವು ಕನ್ನಡದ ಓದುಗನ ಕೈಸೇರಲು ಆಗ ಇನ್ನೂ ಒಂದು ವರ್ಷವಿತ್ತು.